ಅಂಕಪಟ್ಟಿಯಾಚೆಯ ಹೆಸರುಗಳು

ಮಲೆನಾಡಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡದ ಉಪಾಧ್ಯಾಯನಾಗಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈಗ, ನಿವೃತ್ತಿಯ ವಿರಾಮದಲ್ಲಿ, ಬೋಧಿಸಿದ ಪದ್ಯಗಳಿಗಿಂತಲೂ ಒಪ್ಪಿಸಿದ ವ್ಯಾಕರಣಸೂತ್ರಗಳಿಗಿಂತಲೂ ಹೆಚ್ಚು ಸ್ಪಷ್ಟವಾಗಿ ನೆನಪಿಗೆ ಬರುವುದೆಂದರೆ, ಹದಿಮೂರರಿಂದ ಹದಿನಾರರವರೆಗಿನ ವಯಸ್ಸಿನಲ್ಲಿ ನನ್ನ ಮುಂದೆ ಕುಳಿತಿದ್ದ ಬಾಲಕ ಬಾಲಕಿಯರ ಮುಖಗಳು, ಮತ್ತು ಅವರು ಪುಸ್ತಕದ ಚೀಲದೊಡನೆ ದಿನವೂ ಶಾಲೆಗೆ ಹೊತ್ತು ತರುತ್ತಿದ್ದ, ಯಾವ ಪಠ್ಯಕ್ರಮದಲ್ಲಿಯೂ ನಮೂದಾಗದ ಅಳಲುಗಳು. ಆ ಅಳಲುಗಳು ತಮ್ಮ ನಿಜವಾದ ಹೆಸರಿನಿಂದ ನಮ್ಮೆದುರಿಗೆ ಬಂದುದು ಅತ್ಯಪೂರ್ವ. ತಲೆನೋವೆಂಬ ನೆಪದಲ್ಲಿ, ಕಾರಣವಿಲ್ಲದ ಸಿಟ್ಟಿನಲ್ಲಿ, ಬರೆಯದೆ ಉಳಿದ ಮನೆಗೆಲಸದಲ್ಲಿ, ಕಿಟಕಿಯ ಹೊರಗೆ ನಟ್ಟ ದೃಷ್ಟಿಯಲ್ಲಿ ಅವು ಪ್ರಕಟವಾಗುತ್ತಿದ್ದುವು. ಅವನ್ನು ಓದುವ ವಿದ್ಯೆಯನ್ನು ನಮಗೆ ಯಾರೂ ಕ್ರಮವಾಗಿ ಕಲಿಸಿರಲಿಲ್ಲ. ಕೆಲವರು ಹಿರಿಯರ ನಡೆಯನ್ನು ನೋಡಿಯೂ ಮಕ್ಕಳ ಬಾಯಿಂದಲೇ ಕೇಳಿಯೂ ಅದನ್ನು ಅಷ್ಟಿಷ್ಟು ಕಲಿತೆವು. ಹಾಗೆ ಕಲಿತುದನ್ನು ಬರೆದಿಡುವುದು ಕರ್ತವ್ಯವೆನಿಸಿ ಈ ಲೇಖನಕ್ಕೆ ತೊಡಗಿದ್ದೇನೆ.

ನಾನು ಸೇವೆಗೆ ಸೇರಿದುದು 1980ರ ದಶಕದ ಉತ್ತರಾರ್ಧದಲ್ಲಿ. ಬಿ.ಎಡ್. ತರಗತಿಯಲ್ಲಿ ಶೈಕ್ಷಣಿಕ ಮನೋವಿಜ್ಞಾನವೆಂಬ ವಿಷಯವಿತ್ತು. ಕಿಶೋರಾವಸ್ಥೆಯನ್ನು ಕುರಿತು ಅಮೆರಿಕದ ಸ್ಟಾನ್ಲಿ ಹಾಲ್ ಎಂಬ ವಿದ್ವಾಂಸನು 1904ರಲ್ಲಿ ಬೃಹದ್ಗ್ರಂಥವೊಂದನ್ನು ಪ್ರಕಟಿಸಿ, ಆ ಅವಸ್ಥೆಯನ್ನು ಬಿರುಗಾಳಿಯ ಹಾಗೂ ಒತ್ತಡದ ಕಾಲವೆಂದು ವರ್ಣಿಸಿದನೆಂಬುದನ್ನು ಪರೀಕ್ಷೆಗಾಗಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೆವು. ನಮ್ಮ ದೇಶದಲ್ಲಿಯೇ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1953ರಷ್ಟು ಹಿಂದೆಯೇ, ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನ ಮತ್ತು ಸಮಾಲೋಚನೆಯ ಏರ್ಪಾಡು ಇರಬೇಕೆಂದು ಸೂಚಿಸಿತ್ತು. 1964ರಿಂದ 1966ರವರೆಗೆ ಕಾರ್ಯಮಾಡಿದ ಕೊಠಾರಿ ಆಯೋಗವೂ ಅದನ್ನೇ ಒತ್ತಿ ಹೇಳಿತ್ತು. ಆದರೆ ನಾನು ಕೆಲಸಕ್ಕೆ ಹೋದ ಶಾಲೆಯಲ್ಲಿ, ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ನೀರು ತೊಟ್ಟಿಕ್ಕುವ ಐದು ಕೊಠಡಿಗಳೂ, ಇಬ್ಬರ ಕೆಲಸವನ್ನು ಒಬ್ಬರು ಮಾಡುವ ಉಪಾಧ್ಯಾಯರೂ, ದಿನವೂ ಕಾಡುದಾರಿಯಲ್ಲಿ ಐದಾರು ಮೈಲಿ ನಡೆದು ಬರುವ ಮಕ್ಕಳೂ ಇದ್ದರಲ್ಲದೆ, ಆಪ್ತಸಮಾಲೋಚಕರೆಂಬ ಹುದ್ದೆಯೊಂದು ಇರಬಹುದೆಂಬ ಕಲ್ಪನೆಯೂ ಯಾರಿಗೂ ಇರಲಿಲ್ಲ.

ಅಂಥ ಶಾಲೆಯಲ್ಲಿಯೂ ಮಕ್ಕಳ ಮನಸ್ಸನ್ನು ಕಾಯುವವರು ಒಬ್ಬರಿದ್ದರು. ಅವರು ನಮ್ಮ ಮುಖ್ಯೋಪಾಧ್ಯಾಯರು. ಮಿತಭಾಷಿಗಳು, ಶುಭ್ರವಾದ ಪಂಚೆಯುಟ್ಟು ನಿತ್ಯವೂ ಎಲ್ಲರಿಗಿಂತ ಮೊದಲು ಶಾಲೆಗೆ ಬರುವವರು. ಶಾಲೆಯ ಹಿಂದುಗಡೆಯ ಕೈತೋಟದಲ್ಲಿ ಬದನೆ, ಬೆಂಡೆ, ತೊಂಡೆಯ ಚಪ್ಪರಗಳನ್ನು ಬೆಳೆಸಿದ್ದ ಅವರು, ಯಾವ ಮಗುವಿನ ವಿಷಯದಲ್ಲಿ ತಮಗೆ ಚಿಂತೆಯಾಯಿತೋ ಆ ಮಗುವನ್ನು ಎಂದೂ ತಮ್ಮ ಕೊಠಡಿಗೆ ಕರೆಯಿಸುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂದು ಕೊಡವನ್ನು ಅದರ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ಗಿಡಗಳಿಗೆ ನೀರುಣಿಸುತ್ತ ಪಕ್ಕದಲ್ಲಿ ನಡೆಯುತ್ತಿದ್ದರು. ಮೊದಲ ದಿನ ಪ್ರಾಯಶಃ ಗಿಡಗಳ ಮಾತೇ ಆಗುತ್ತಿತ್ತು, ಎರಡನೆಯ ದಿನವೂ ಹಾಗೆಯೇ. ಇದರಿಂದೇನು ಪ್ರಯೋಜನವೆಂದು ಹೊಸಬನಾದ ನಾನು ಕೇಳಿದಾಗ ಅವರು ಹೇಳಿದ ಉತ್ತರವು ನನ್ನ ವೃತ್ತಿಜೀವನದ ಉದ್ದಕ್ಕೂ ನನ್ನೊಡನಿದ್ದಿತು: "ಎದುರಿಗೆ ನಿಲ್ಲಿಸಿಕೊಂಡು ಕೇಳಿದರೆ ಮಕ್ಕಳು ಉತ್ತರ ಕೊಡ್ತಾರೆ ಮೇಷ್ಟ್ರೇ, ಪಕ್ಕದಲ್ಲಿ ನಿಂತು ಕೆಲಸ ಮಾಡಿದರೆ ಮಾತಾಡ್ತಾರೆ." ಮನೋವಿಜ್ಞಾನದ ಪುಸ್ತಕಗಳಲ್ಲಿ ಎಷ್ಟೋ ಪುಟಗಳನ್ನು ಓದಿದ ಮೇಲೆಯೂ, ಕಿಶೋರರೊಡನೆ ವ್ಯವಹರಿಸುವ ಬಗೆಯನ್ನು ಕುರಿತು ಇದಕ್ಕಿಂತ ಉಪಯುಕ್ತವಾದ ಮಾತನ್ನು ನಾನು ಕಂಡಿಲ್ಲ.

ಹಾಜರಿ ಪುಸ್ತಕವನ್ನು ಓದಲು ನನಗೆ ಕಲಿಸಿದವರೂ ಅವರೇ. ತಿಂಗಳ ಕೊನೆಯಲ್ಲಿ ಹಾಜರಿಯ ಒಟ್ಟು ಮೊತ್ತವನ್ನು ಕೂಡಿಸಿ ಶೇಕಡಾವಾರು ಹಾಕುವುದಷ್ಟೇ ನಮ್ಮ ಕೆಲಸವೆಂದು ನಾವು ತಿಳಿದಿದ್ದರೆ, ಅವರು ಆ ಪುಟವನ್ನು ಅಡ್ಡಸಾಲಿನಲ್ಲಿ, ಒಂದೊಂದು ಹೆಸರಿನ ಮುಂದೆಯೂ ಬೆರಳಿಟ್ಟು ಓದುತ್ತಿದ್ದರು. ಆಷಾಢದ ಮಳೆಯಲ್ಲಿ ಹಳ್ಳ ತುಂಬಿ ಕಾಲುಸಂಕದ ಮೇಲೆ ನೀರು ಹರಿದಾಗ ಆಚೆ ದಡದ ಮಕ್ಕಳೆಲ್ಲರೂ ಒಟ್ಟಿಗೆ ಗೈರುಹಾಜರಾಗುತ್ತಿದ್ದರು. ಅಡಿಕೆಯ ಕೊಯ್ಲಿನ ದಿನಗಳಲ್ಲಿ ರಾತ್ರಿಯೆಲ್ಲ ಸುಲಿಯುವ ಕೆಲಸಕ್ಕೆ ಕುಳಿತ ಮನೆಗಳ ಮಕ್ಕಳು ಮರುದಿನ ಬರುತ್ತಿರಲಿಲ್ಲ, ಬಂದರೂ ಮೇಜಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದರು. ಇವೆಲ್ಲವೂ ತಿಳಿದ ಕಾರಣಗಳು. ಅವರ ಬೆರಳು ನಿಲ್ಲುತ್ತಿದ್ದುದು, ಇವಾವುವಕ್ಕೂ ಹೊಂದದ ಗೈರುಹಾಜರಿಗಳ ಮುಂದೆ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗನು ವಾರಕ್ಕೊಮ್ಮೆ, ತಪ್ಪದೆ ಒಂದೇ ವಾರದಂದು, ಶಾಲೆಗೆ ಬರುತ್ತಿರಲಿಲ್ಲ. ಆ ದಿನವು ನಮ್ಮೂರಿನ ಸಂತೆಯ ಮರುದಿನವೆಂಬುದನ್ನು ಗುರುತಿಸಿದವರು ಅವರೇ. ಕೈತೋಟದಲ್ಲಿ ಎಷ್ಟೋ ಬೆಳಗುಗಳು ಕಳೆದ ಮೇಲೆ ಆ ಹುಡುಗ ಹೇಳಿದನಂತೆ: "ಸಂತೆ ದಿನ ಅಪ್ಪ ಕುಡ್ಕೊಂಡು ಬರ್ತಾರೆ ಸಾರ್. ಮಾರನೇ ದಿನ ಅಮ್ಮನ್ನ ಒಬ್ಬಳೇ ಬಿಟ್ಟು ಬರಕ್ಕೆ ಹೆದ್ರಿಕೆ ಆಗ್ತದೆ." ಮುಖ್ಯೋಪಾಧ್ಯಾಯರು ಹಿತವಚನವನ್ನೇನೂ ಹೇಳಲಿಲ್ಲ. "ಆ ದಿನ ಎಷ್ಟು ಹೊತ್ತಿಗೆ ಬರಕ್ಕಾಗ್ತದೋ ಅಷ್ಟು ಹೊತ್ತಿಗೆ ಬಾ. ಯಾರೂ ಏನೂ ಕೇಳೋದಿಲ್ಲ" ಎಂದಷ್ಟೇ ಹೇಳಿ, ನಮ್ಮನ್ನೆಲ್ಲ ಕರೆದು, ಕಾರಣವನ್ನು ವಿವರಿಸದೆ, ಆ ಮಾತನ್ನು ಉಳಿಸಿಕೊಳ್ಳುವ ಹೊಣೆ ನಮ್ಮೆಲ್ಲರದೆಂದು ತಿಳಿಸಿದರು, ಹುಡುಗನ ಒಪ್ಪಿಗೆಯನ್ನು ಪಡೆದು ಅವನ ಸೋದರಮಾವನೊಡನೆ ಮಾತನಾಡಿ, ಸಂತೆಯ ರಾತ್ರಿ ಆತನು ತಂಗಿಯ ಮನೆಯಲ್ಲಿ ಉಳಿಯುವಂತೆ ಏರ್ಪಡಿಸಿದರು. ತಂದೆಯ ಕುಡಿತವನ್ನು ನಿಲ್ಲಿಸುವ ಶಕ್ತಿ ಶಾಲೆಗಿರಲಿಲ್ಲ, ಅದು ನಿಲ್ಲಲೂ ಇಲ್ಲ. ಆದರೆ ತನ್ನ ಮನೆಯ ಕಷ್ಟವನ್ನು ತಾನೊಬ್ಬನೇ ಕಾವಲು ಕಾಯಬೇಕೆಂಬ ಭಾರದಿಂದ ಆ ಹುಡುಗನು ಬಿಡುಗಡೆ ಹೊಂದಿದನು. ಮೊದಮೊದಲು ಮಧ್ಯಾಹ್ನಕ್ಕೆ ಬರುತ್ತಿದ್ದವನು ಕ್ರಮೇಣ ಮೊದಲ ಗಂಟೆಗೇ ಬಂದು ಕೂರತೊಡಗಿದನು.

ಹಾಗೆಯೇ, ಹೆಣ್ಣುಮಕ್ಕಳ ಹೆಸರುಗಳ ಮುಂದೆ ತಿಂಗಳಿಗೊಮ್ಮೆ ಮೂರು ನಾಲ್ಕು ದಿನಗಳ ಗೈರುಹಾಜರಿ ಕಾಣುತ್ತಿದ್ದಿತು. ಶಾಲೆಯಲ್ಲಿ ಬಾಗಿಲು ಭದ್ರವಾಗಿ ಮುಚ್ಚುವ ಶೌಚಾಲಯವಿಲ್ಲದ ಕಾಲವದು. ನಮ್ಮ ಜೊತೆಯಲ್ಲಿದ್ದ ಒಬ್ಬ ಉಪಾಧ್ಯಾಯಿನಿಯವರು ಪ್ರಯೋಗಶಾಲೆಯ ಮೂಲೆಯ ಬೀರುವಿನಲ್ಲಿ ಬಟ್ಟೆ, ಪ್ಯಾಡು, ಒಂದು ಬದಲಿ ಲಂಗ ಇವನ್ನಿಟ್ಟು, ಬೀಗದ ಕೈಯನ್ನು ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಬಳಿ ಬಿಟ್ಟಿದ್ದರು. ಯಾವ ಹುಡುಗಿಯೂ ಯಾವ ಉಪಾಧ್ಯಾಯರ ಮುಂದೆಯೂ ನಿಂತು ಕೇಳಿಕೊಳ್ಳಬೇಕಾಗದಿರಲೆಂಬುದು ಅವರ ಉದ್ದೇಶವಾಗಿದ್ದಿತು. 'ಶುಚಿ' ಎಂಬ ಸರ್ಕಾರದ ಯೋಜನೆ ನಮ್ಮ ರಾಜ್ಯದ ಶಾಲೆಗಳಿಗೆ ಬಂದುದು ಇದಾದ ಬಹುಕಾಲದ ಮೇಲೆ, 2013ರ ಸುಮಾರಿನಲ್ಲಿ. ಮನಸ್ಸಿನ ಆರೋಗ್ಯವೆಂದರೆ ಮನಸ್ಸಿನ ಮಾತುಗಳನ್ನಾಡುವುದಷ್ಟೇ ಎಂದು ಭಾವಿಸುವವರಿಗೆ ನಾನು ಈ ಬೀರುವಿನ ವಿಷಯವನ್ನು ಹೇಳುತ್ತೇನೆ. ಲಜ್ಜೆಯಿಂದ ಕುಗ್ಗುವ ಸಂದರ್ಭವೊಂದನ್ನು ಮಗುವಿನ ದಿನಚರಿಯಿಂದ ತೆಗೆದುಹಾಕುವುದು, ಧೈರ್ಯವನ್ನು ಕುರಿತ ಹತ್ತು ಉಪನ್ಯಾಸಗಳಿಗಿಂತ ಮಿಗಿಲಾದ ಉಪಕಾರ.

ಭಾಷೆಯ ಉಪಾಧ್ಯಾಯನಿಗೆ, ಗಣಿತ ವಿಜ್ಞಾನಗಳನ್ನು ಬೋಧಿಸುವವರಿಗೆ ಇಲ್ಲದ ಸೌಲಭ್ಯವೊಂದುಂಟು. ಮಕ್ಕಳು ಅವನಿಗಾಗಿ ಪ್ರಬಂಧವನ್ನೂ ಪತ್ರವನ್ನೂ ಬರೆಯುತ್ತಾರೆ. 'ಮಳೆಗಾಲದ ಒಂದು ದಿನ' ಎಂಬ ವಿಷಯ ಕೊಟ್ಟರೆ ಬಹುಪಾಲು ಮಕ್ಕಳು ಗೈಡಿನಲ್ಲಿರುವುದನ್ನೇ ಬರೆದು ತರುವರಾದರೂ, ಒಬ್ಬರಿಬ್ಬರು ತಮ್ಮ ಮನೆಯ ಮಳೆಗಾಲವನ್ನು ಬರೆಯುತ್ತಾರೆ. ಅಂಥ ಬರಹ ಕೈಗೆ ಬಂದಾಗ ಕೆಲವು ನಿಯಮಗಳನ್ನು ನನಗೆ ನಾನೇ ವಿಧಿಸಿಕೊಂಡಿದ್ದೆನು. ಮಗುವಿನ ಒಪ್ಪಿಗೆಯಿಲ್ಲದೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು, ಎಷ್ಟೇ ಚೆನ್ನಾಗಿದ್ದರೂ ಸರಿಯೆ. ಅಳಲು ತುಂಬಿದ ಸಾಲುಗಳ ಮೇಲೆ ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಬಾರದು. ಅಂಚಿನಲ್ಲಿ ಪೆನ್ಸಿಲಿನಿಂದ, "ಓದಿದೆ. ಮಾತಾಡಬೇಕೆನಿಸಿದರೆ ಬಾ" ಎಂದಿಷ್ಟು ಬರೆದು ಹಿಂದಿರುಗಿಸಬೇಕು, ಬರುವುದೂ ಬಾರದಿರುವುದೂ ಮಗುವಿನ ಇಚ್ಛೆ. ಕೆಲವರು ಮರುದಿನವೇ ಬಂದರು, ಕೆಲವರು ಎಂದೂ ಬರಲಿಲ್ಲ. ಬಾರದವರೂ ತಮ್ಮ ಮಾತನ್ನು ಒಬ್ಬರು ಓದಿದ್ದಾರೆಂಬುದನ್ನು ಬಲ್ಲವರಾಗಿ, ಮುಂದಿನ ಬಾರಿ ಇನ್ನೂ ಸ್ವಲ್ಪ ಹೆಚ್ಚಾಗಿ ಬರೆಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅಂಥ ಒಂದು ಬರಹವು ನಮ್ಮ ಶಾಲೆಯ ನಡವಳಿಕೆಯನ್ನೇ ಬದಲಾಯಿಸಿತು. ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಹೆಚ್ಚಿಸಬೇಕೆಂಬ ಒತ್ತಾಯವು ಮೇಲಿನಿಂದ ಕೆಳಕ್ಕೆ, ಇಲಾಖೆಯಿಂದ ಮುಖ್ಯೋಪಾಧ್ಯಾಯರಿಗೆ, ಅವರಿಂದ ನಮಗೆ, ನಮ್ಮಿಂದ ಮಕ್ಕಳಿಗೆ ಇಳಿದು ಬರುತ್ತಿದ್ದ ದಿನಗಳವು. ಒಟ್ಟು 625 ಅಂಕಗಳಲ್ಲಿ ಎಷ್ಟು ದೊರೆಯಿತೆಂಬುದೇ ಮಗುವಿನ ಪರಿಚಯವಾಗಿಬಿಟ್ಟಿತ್ತು. ಹಿಂದುಳಿದವರು ತೇರ್ಗಡೆಯಾಗುವಷ್ಟು ಅಂಕಗಳನ್ನು ಪಡೆಯಲೆಂದು, ಆಯ್ದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಟ್ಟುಮಾಡಿ ಸಿದ್ಧಪಡಿಸಿದ ಅಭ್ಯಾಸಪುಸ್ತಿಕೆಗೆ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರು. ಅದನ್ನು ಓದುವ ಮಕ್ಕಳಿಗೆ ಸಾಯಂಕಾಲ ಪ್ರತ್ಯೇಕ ಕೊಠಡಿ. ಆ ಕೊಠಡಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳು, 'ನನ್ನ ಕುಟುಂಬ' ಎಂಬ ಪ್ರಬಂಧದಲ್ಲಿ, ಅದೇ ಶಾಲೆಯ ಎಂಟನೆಯ ತರಗತಿಯಲ್ಲಿದ್ದ ತನ್ನ ತಮ್ಮನು ಊಟಕ್ಕೆ ಕುಳಿತಾಗ ಎಲ್ಲರೆದುರಿಗೂ "ಅಕ್ಕಾ, ನೀನು ಪ್ಯಾಕೇಜಾ?" ಎಂದು ಕೇಳಿದನೆಂದೂ, ಅಂದಿನಿಂದ ತಾನು ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುತ್ತಿರುವೆನೆಂದೂ ಬರೆದಿದ್ದಳು. ಅವಳ ಒಪ್ಪಿಗೆಯಿಂದ, ಹೆಸರು ಹೇಳದೆ, ಆ ಸಾಲುಗಳನ್ನು ಉಪಾಧ್ಯಾಯರ ಕೊಠಡಿಯಲ್ಲಿ ಓದಿದೆನು. ಪುಸ್ತಿಕೆಯು ಉಪಯುಕ್ತವೇ ಆಗಿದ್ದಿತು, ಅದನ್ನು ನಾವು ಬಿಡಲಿಲ್ಲ. ಆದರೆ ಹೆಸರನ್ನೂ ಪ್ರತ್ಯೇಕ ಕೊಠಡಿಯನ್ನೂ ಬಿಟ್ಟೆವು. ಸಾಯಂಕಾಲದ ಅಭ್ಯಾಸಕ್ಕೆ ಎಲ್ಲರೂ ಒಂದೇ ಕೊಠಡಿಯಲ್ಲಿ, ಇಬ್ಬಿಬ್ಬರ ಜೊತೆಗಳಾಗಿ ಕುಳಿತರು. ಗಣಿತವನ್ನು ಇನ್ನೊಬ್ಬಳಿಂದ ಕಲಿತ ಹುಡುಗಿ, ಅವಳಿಗೆ ಸಮಾಜ ವಿಜ್ಞಾನದ ನಕ್ಷೆಗಳನ್ನು ಬಿಡಿಸಲು ಕಲಿಸಿದಳು. ಆ ಹೊತ್ತಿಗೆ ಮಕ್ಕಳಲ್ಲಿ ಮೂಡಿದ ಸಮಾಧಾನವನ್ನು ಯಾವ ಫಲಿತಾಂಶದ ಪಟ್ಟಿಯೂ ತೋರಿಸಲಾರದು.

ನಾವು ಅನುಭವದಿಂದ ತಡಕಾಡುತ್ತ ಕಂಡುಕೊಂಡ ಇಂಥ ಸಂಗತಿಗಳಿಗೆ ಶಾಸ್ತ್ರದ ಬೆಂಬಲವೂ ಇದೆಯೆಂಬುದು ನನಗೆ ತಿಳಿದುದು ಎರಡು ಮಾರ್ಗಗಳಿಂದ. ಮೊದಲನೆಯದು, ಶಾಲೆಯ ಪುಸ್ತಕಭಂಡಾರದಲ್ಲಿ ಧೂಳು ತಿನ್ನುತ್ತಿದ್ದ ಕನ್ನಡದ ಪುಸ್ತಕಗಳು. 'ಕೊರವಂಜಿ' ಪತ್ರಿಕೆಯಿಂದ ನಾಡಿಗೆಲ್ಲ ನಗೆಯನ್ನು ಹಂಚಿದ 'ರಾಶಿ'ಯವರು, ಎಂದರೆ ಡಾ. ಎಂ. ಶಿವರಾಂ ಅವರು, ವೈದ್ಯರೂ ಆಗಿದ್ದವರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮನಸ್ಸಿನ ವ್ಯಾಧಿಯೆಂಬುದು ಪಾಪವೂ ಅಲ್ಲದ, ದೆವ್ವವೂ ಅಲ್ಲದ, ಚಿಕಿತ್ಸೆಗೆ ಒಳಪಡುವ ಮನುಷ್ಯಸಹಜವಾದ ಕಷ್ಟವೆಂಬುದನ್ನು ನಾನು ಕನ್ನಡದಲ್ಲಿ ಮೊತ್ತಮೊದಲು ಓದಿದುದು ಅದರಲ್ಲಿ. ಅನಂತರ ಡಾ. ಸಿ. ಆರ್. ಚಂದ್ರಶೇಖರ್ ಅವರ ಲೇಖನಗಳನ್ನೂ ಪುಸ್ತಕಗಳನ್ನೂ ತರಿಸಿಕೊಂಡು ಓದಿದೆವು. ಖಿನ್ನತೆ, ಆತಂಕ, ಗೀಳು ಮುಂತಾದುವನ್ನು ಹಳ್ಳಿಯ ತಾಯಿಯೊಬ್ಬಳಿಗೆ ವಿವರಿಸಬೇಕಾದಾಗ ಅವರ ಸರಳವಾದ ಕನ್ನಡವೇ ನಮಗೆ ಆಧಾರವಾಯಿತು.

ಎರಡನೆಯದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪ್ರೌಢಶಾಲೆಗಳಿಗಾಗಿ ರೂಪಿಸಿದ ಜೀವನ ಕೌಶಲಗಳ ಶಿಕ್ಷಣ. ಮಾನಸಿಕ ಆರೋಗ್ಯವನ್ನು ಆಸ್ಪತ್ರೆಯ ಗೋಡೆಗಳಿಂದ ಹೊರತಂದು ಜನರ ಬಳಿಗೆ ಒಯ್ಯುವ ವಿಷಯದಲ್ಲಿ ನಮ್ಮ ನಾಡು ಇಡೀ ದೇಶಕ್ಕೆ ಮಾರ್ಗದರ್ಶಿಯಾದುದೆಂಬುದು ಹೆಮ್ಮೆಯ ವಿಷಯ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗವು 1980ರ ದಶಕದಲ್ಲಿ ನಡೆದುದು ನಮ್ಮ ಬಳ್ಳಾರಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದ ಹತ್ತು ಜೀವನ ಕೌಶಲಗಳು, ಎಂದರೆ ತನ್ನನ್ನು ತಾನರಿಯುವುದು, ಪರರ ಭಾವವನ್ನರಿಯುವುದು, ವಿಮರ್ಶಾತ್ಮಕ ಚಿಂತನೆ, ಸೃಜನಾತ್ಮಕ ಚಿಂತನೆ, ನಿರ್ಧಾರ, ಸಮಸ್ಯಾಪರಿಹಾರ, ಸಂವಹನ, ಸಂಬಂಧಗಳ ನಿರ್ವಹಣೆ, ಭಾವನೆಗಳ ನಿಭಾವಣೆ, ಒತ್ತಡದ ನಿಭಾವಣೆ, ಇವು ಆ ಶಿಕ್ಷಣಕ್ಕೆ ತಳಹದಿ. ಇವನ್ನು ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಚಟುವಟಿಕೆಗಳ ರೂಪದಲ್ಲಿ ಕಲಿಸುವುದು ಅದರ ಕ್ರಮ. ಮೊದಲ ದಿನ ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿದಾಗ ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಆದರೆ 'ಸಿಟ್ಟು ಬಂದಾಗ ನಾನು ಏನು ಮಾಡುತ್ತೇನೆ' ಎಂಬ ಪ್ರಶ್ನೆಗೆ, ಬಲಿಷ್ಠನೆಂದು ಎಲ್ಲರೂ ಹೆದರುತ್ತಿದ್ದ ಹುಡುಗನೊಬ್ಬ "ಕೊಟ್ಟಿಗೆಗೆ ಹೋಗಿ ದನದ ಹತ್ರ ಕೂತ್ಕೋತೀನಿ" ಎಂದು ಹೇಳಿದಾಗ ಯಾರೂ ನಗಲಿಲ್ಲ. ಅವನ ಅನಂತರ ಮಾತನಾಡಿದವರೆಲ್ಲರೂ ನಿಜವನ್ನೇ ಹೇಳಿದರು. ಉಪದೇಶದಿಂದ ಬಾರದ ಪ್ರಾಮಾಣಿಕತೆಯು ಒಬ್ಬ ಓರಗೆಯವನ ಮಾತಿನಿಂದ ಬರುತ್ತದೆಂಬುದನ್ನು ಅಂದು ಕಂಡೆನು.

ಇಷ್ಟೆಲ್ಲ ಇದ್ದರೂ ಗಮನಕ್ಕೆ ಬಾರದೆ ಉಳಿಯುವ ಮಕ್ಕಳು ಇದ್ದೇ ಇರುತ್ತಿದ್ದರು. ಗಲಾಟೆ ಮಾಡುವವನು ಎಲ್ಲರಿಗೂ ಗೊತ್ತು, ಬುದ್ಧಿವಂತೆಯೂ ಎಲ್ಲರಿಗೂ ಗೊತ್ತು. ಯಾವ ತಂಟೆಗೂ ಹೋಗದೆ, ಯಾವ ಬಹುಮಾನಕ್ಕೂ ಬಾರದೆ ಮಧ್ಯದ ಸಾಲಿನಲ್ಲಿ ಕೂರುವ ಮಗು ಮೂರು ವರ್ಷ ಓದಿ ಹೋದರೂ ಅದರ ಸ್ವಭಾವ ಯಾರಿಗೂ ತಿಳಿದಿರುವುದಿಲ್ಲ. ಇದಕ್ಕೆ ಪರಿಹಾರವಾಗಿ ನಾವು ಕೈಕೊಂಡ ಪದ್ಧತಿಯು ಬಹು ಸರಳವಾದುದು. ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಉಪಾಧ್ಯಾಯರೆಲ್ಲರೂ ಒಂದು ಗಂಟೆ ಕಾಲ ಒಟ್ಟಿಗೆ ಕೂರುವುದು. ಒಬ್ಬರು ಹಾಜರಿ ಪುಸ್ತಕದಿಂದ ಒಂದೊಂದೇ ಹೆಸರನ್ನು ಓದುವುದು. ಆ ಮಗುವಿನ ವಿಷಯದಲ್ಲಿ, ಅಂಕಗಳನ್ನು ಹೊರತುಪಡಿಸಿ, ತಮಗೆ ತಿಳಿದ ಒಂದು ಸಂಗತಿಯನ್ನು ಯಾರಾದರೂ ಒಬ್ಬರು ಹೇಳುವುದು. ಇವನಿಗೆ ಗಾಳದಲ್ಲಿ ಮೀನು ಹಿಡಿಯುವ ಹುಚ್ಚು. ಇವಳು ಅಜ್ಜಿಯ ಜೊತೆ ಮಲಗದಿದ್ದರೆ ನಿದ್ರಿಸಳು. ಇವನು ಈಚೆಗೆ ಊಟದ ಹೊತ್ತಿನಲ್ಲಿ ಒಬ್ಬನೇ ಇರುತ್ತಾನೆ. ಕೆಲವು ಹೆಸರುಗಳನ್ನು ಓದಿದಾಗ ಕೊಠಡಿಯಲ್ಲಿ ಯಾರಿಗೂ ಹೇಳಲು ಏನೂ ಇರುತ್ತಿರಲಿಲ್ಲ. ಆ ಹೆಸರುಗಳನ್ನು ಬೇರೆಯಾಗಿ ಬರೆದುಕೊಂಡು, ಒಬ್ಬೊಬ್ಬ ಉಪಾಧ್ಯಾಯರು ಒಂದೆರಡನ್ನು ತಮ್ಮದಾಗಿ ವಹಿಸಿಕೊಂಡು, ಮುಂದಿನ ತಿಂಗಳೊಳಗಾಗಿ ಆ ಮಕ್ಕಳೊಡನೆ ಸಹಜವಾದ ಪರಿಚಯವನ್ನು ಬೆಳೆಸಬೇಕೆಂಬುದು ನಮ್ಮೊಳಗಿನ ಒಪ್ಪಂದ. ಹಾಗೆ ಪರಿಚಯ ಬೆಳೆಸಲು ಹೋದಾಗ ನಮಗೆ ತಿಳಿದುಬಂದ ದುಃಖಗಳೆಷ್ಟೋ. ತಾಯಿಯ ಕಾಯಿಲೆ, ಹಾಸ್ಟೆಲಿನಲ್ಲಿ ಹಿರಿಯ ಹುಡುಗರ ಕಾಟ, ಕಣ್ಣು ಸರಿಯಾಗಿ ಕಾಣದಿದ್ದರೂ ಕನ್ನಡಕ ಕೇಳಲು ಸಂಕೋಚ: ಇವೆಲ್ಲವೂ ಆ ಮೌನದ ಹಿಂದೆ ಇದ್ದುವು.

ಹೀಗೆ ನನ್ನ ಪಾಲಿಗೆ ಬಂದ ಹೆಸರುಗಳಲ್ಲಿ ಒಂದು, ಹತ್ತನೆಯ ತರಗತಿಯ ಒಬ್ಬ ಹುಡುಗನದು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದನು. ಆಗ ನಮ್ಮಲ್ಲಿ ಒಬ್ಬೊಬ್ಬ ಉಪಾಧ್ಯಾಯರು ಕೆಲವು ಮಕ್ಕಳನ್ನು 'ದತ್ತು' ಪಡೆದು, ಮನೆಗಳಿಗೆ ಭೇಟಿ ಕೊಡುವ, ಬೆಳಗಿನ ಜಾವ ಫೋನು ಮಾಡಿ ಓದಲು ಎಬ್ಬಿಸುವ ರೂಢಿ ಇತ್ತು. ಅವನ ಮನೆಗೆ ಹೋದ ದಿನ, ಅಂಗಳದಲ್ಲಿ ಅವನೊಡನೆ ಅಡಿಕೆ ಹರವುತ್ತಿದ್ದಾಗ, ಅವನು ತಲೆಯೆತ್ತದೆ "ನಾನು ಇರೋದೇ ಬೇಡ ಅನ್ನಿಸ್ತದೆ ಸಾರ್" ಎಂದನು. ಇಂಥ ಮಾತನ್ನು ಕೇಳಿದಾಗ ವಿಷಯವನ್ನು ಬದಲಿಸಬಾರದು, 'ಹಾಗೆಲ್ಲ ಅನ್ನಬಾರದು' ಎಂದು ಬಾಯಿ ಮುಚ್ಚಿಸಬಾರದು, ನೇರವಾಗಿ ಕೇಳುವುದರಿಂದ ಆ ಯೋಚನೆ ಬಲಿಯುತ್ತದೆಂಬ ಭಯವು ನಿರಾಧಾರವಾದುದು ಎಂದು ಉಪಾಧ್ಯಾಯರ ತರಬೇತಿಯೊಂದರಲ್ಲಿ ಹೇಳಿದ್ದರು. ನೆಟ್ಟಗೆ ಕೇಳಿದೆನು: "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಬಹಳ ಹೊತ್ತಿನ ಮೇಲೆ ಅವನು ಹೌದೆಂದನು. ಸಂಜೆಯವರೆಗೆ ಅವನ ಬಳಿಯಲ್ಲಿಯೇ ಇದ್ದೆನು. ಯಾರಿಗೂ ಹೇಳಬೇಡಿರೆಂದು ಅವನು ಬೇಡಿಕೊಂಡಾಗ, "ಮಗಾ, ಬೇರೆ ಯಾವ ಗುಟ್ಟಾದರೂ ಇಟ್ಕೋತೀನಿ, ಇದನ್ನು ನಾನೊಬ್ಬನೇ ಇಟ್ಕೊಳ್ಳೋದು ನಿನಗೆ ಒಳ್ಳೇದಲ್ಲ. ನಿನ್ನ ಎದುರಿಗೇ, ನೀನು ಹೇಗೆ ಹೇಳು ಅಂತೀಯೋ ಹಾಗೆ ಹೇಳ್ತೀನಿ" ಎಂದೆನು. ಅವನ ತಾಯಿಗೂ ದೊಡ್ಡಪ್ಪನಿಗೂ ಹಾಗೆಯೇ ತಿಳಿಸಿದೆವು. ಅವರು ಗದರಲಿಲ್ಲ, ರಾತ್ರಿ ಅವನೊಬ್ಬನನ್ನೇ ಬಿಡದೆ, ದೊಡ್ಡಪ್ಪನು ಅವನ ಪಕ್ಕದಲ್ಲಿ ಹಾಸಿಕೊಂಡು ಮಲಗಿದನು.

ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮವು ಆ ವೇಳೆಗೆ ನಮ್ಮ ರಾಜ್ಯದಲ್ಲಿ ಆರಂಭವಾಗಿದ್ದಿತು. ಅಲ್ಲಿಗೆ ಕರೆದೊಯ್ದೆವು. ವೈದ್ಯರು ಅವನಿಗೆ ಖಿನ್ನತೆಯೆಂಬ ವ್ಯಾಧಿ ಇದೆಯೆಂದು ಹೇಳಿದಾಗ, ಇಷ್ಟು ದಿನವೂ ತನ್ನನ್ನು ಸೋಮಾರಿಯೆಂದು ತಾನೇ ಹಳಿದುಕೊಳ್ಳುತ್ತಿದ್ದ ಆ ಹುಡುಗನ ಮುಖದಲ್ಲಿ ಕಂಡ ನಿರಾಳವನ್ನು ನಾನು ಮರೆಯಲಾರೆನು. ಔಷಧಿಯೂ ಮಾತೂ ಕೂಡಿ ಕೆಲವು ತಿಂಗಳುಗಳಲ್ಲಿ ಅವನು ಚೇತರಿಸಿಕೊಂಡನು. ಆ ವರ್ಷ ಎರಡು ವಿಷಯಗಳು ಉಳಿದುವು. ಪೂರಕ ಪರೀಕ್ಷೆಯಲ್ಲಿ ಅವನ್ನು ಮುಗಿಸಿ, ಐ.ಟಿ.ಐ. ಸೇರಿ, ಈಗ ಊರಿನ ಸುತ್ತಮುತ್ತ ವಿದ್ಯುತ್ತಿನ ಕೆಲಸ ಮಾಡಿಕೊಂಡು ಸಂಸಾರವಂದಿಗನಾಗಿದ್ದಾನೆ.

ಈ ಪ್ರಸಂಗದ ಅನಂತರ ಫಲಿತಾಂಶದ ದಿನವನ್ನು ನಾವು ಬೇರೆ ಬಗೆಯಾಗಿ ಕಾಣತೊಡಗಿದೆವು. ಹಿಂದೆ ಆ ದಿನ ಶಾಲೆಯ ಫಲಕದ ಮುಂದೆ ಮಕ್ಕಳು ಮುಗಿಬೀಳುತ್ತಿದ್ದರು. ತಮ್ಮ ಸಂಖ್ಯೆಯನ್ನು ಕಾಣದವರು ಗುಂಪಿನ ಹಿಂದಿನಿಂದಲೇ ಜಾರಿಕೊಂಡು ಹೋಗುತ್ತಿದ್ದರು. ಫಲಿತಾಂಶವು ಮೊಬೈಲಿನಲ್ಲಿಯೇ ಬರುವ ಕಾಲದಲ್ಲಿ ಆ ಏಕಾಂತವು ಇನ್ನಷ್ಟು ಹೆಚ್ಚಿತು. ಅಂದು ಬೇಸಗೆಯ ರಜೆಯಾದರೂ ಶಾಲೆಯನ್ನು ತೆರೆದಿಡುವುದೆಂದೂ, ಉತ್ತೀರ್ಣರಾದವರನ್ನು ಅಭಿನಂದಿಸುವ ಮೊದಲು ಅನುತ್ತೀರ್ಣರಾದ ಪ್ರತಿಯೊಂದು ಮಗುವಿಗೂ ಫೋನು ಮಾಡಿಯೋ ಮನೆಗೆ ಹೋಗಿಯೋ ಮಾತನಾಡಿಸುವುದೆಂದೂ, ಪೂರಕ ಪರೀಕ್ಷೆಯ ಅರ್ಜಿಯನ್ನು ನಾವೇ ಕೈಯಲ್ಲಿ ಹಿಡಿದು ಹೋಗುವುದೆಂದೂ ನಿಶ್ಚಯಿಸಿದೆವು. 2024ರಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಕ್ರಮ ಬಂದಿತು. ಅದರ ಶೈಕ್ಷಣಿಕ ಗುಣದೋಷಗಳೇನೇ ಇರಲಿ, ಒಂದು ದಿನದ ಸೋಲು ಬದುಕಿನ ತೀರ್ಪಾಗಬೇಕಿಲ್ಲವೆಂಬ ಭರವಸೆಯನ್ನು ಅದು ಮಕ್ಕಳಿಗೆ ಕೊಡುವುದಾದರೆ, ಆ ಮಟ್ಟಿಗೆ ನಾನು ಅದನ್ನು ಸ್ವಾಗತಿಸುತ್ತೇನೆ.

ನನ್ನ ಸೇವೆಯ ಕೊನೆಗಾಲದಲ್ಲಿ ಬಂದ ಮಹಾಮಾರಿಯು, ಶಾಲೆಯೆಂಬುದು ಮಕ್ಕಳಿಗೆ ಏನಾಗಿತ್ತೆಂಬುದನ್ನು ಅದು ಮುಚ್ಚಿದ ಮೇಲೆ ತಿಳಿಸಿಕೊಟ್ಟಿತು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದುವು, ಮುಂದೂಡಲ್ಪಟ್ಟ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜೂನ್ 25ರಂದು ಆರಂಭವಾಯಿತು. ಆಗಸ್ಟಿನಲ್ಲಿ 'ವಿದ್ಯಾಗಮ'ವೆಂಬ ಕಾರ್ಯಕ್ರಮದ ಮೂಲಕ ನಾವೇ ಮಕ್ಕಳಿದ್ದಲ್ಲಿಗೆ ಹೋದೆವು. ನೆಟ್‌ವರ್ಕ್ ಸಿಕ್ಕುವ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಕುಳಿತ ಮಕ್ಕಳನ್ನೂ, ದೇವಸ್ಥಾನದ ಜಗಲಿಯಲ್ಲಿ ದೂರದೂರ ಕುಳಿತ ಮಕ್ಕಳನ್ನೂ ಕಂಡಾಗ ಅವರು ಮೊದಲು ಕೇಳುತ್ತಿದ್ದುದು ಪಾಠವನ್ನಲ್ಲ, ತಮ್ಮ ಸ್ನೇಹಿತರ ಕ್ಷೇಮವನ್ನು. ಪಾಠಕ್ಕೆ ಬೇರೆ ದಾರಿಗಳು ಸಿಕ್ಕಾವು. ಒಟ್ಟಿಗೆ ಉಣ್ಣುವ, ಆಡುವ, ಜಗಳವಾಡಿ ರಾಜಿಯಾಗುವ ಅವಕಾಶಕ್ಕೆ ಬೇರೆ ದಾರಿಯಿಲ್ಲ.

ಉಪಾಧ್ಯಾಯನು ವೈದ್ಯನಲ್ಲ, ಆಗಲೂ ಬಾರದು. ತರಗತಿಯಲ್ಲಿ ಐವತ್ತು ಮಕ್ಕಳು, ಮೇಜಿನ ಮೇಲೆ ತುಂಬಬೇಕಾದ ನಮೂನೆಗಳ ರಾಶಿ, ಇವುಗಳ ನಡುವೆ ಅವನಿಂದ ಎಲ್ಲವನ್ನೂ ನಿರೀಕ್ಷಿಸುವುದು ಅನ್ಯಾಯ. ಅವನಿಂದ ಸಾಧ್ಯವಾದುದು ಮೂರು ಕೆಲಸಗಳು: ಮಗುವಿನಲ್ಲಾದ ಬದಲಾವಣೆಯನ್ನು ಕಾಣುವುದು, ಅದು ಹೇಳುವುದನ್ನು ತೀರ್ಪು ಕೊಡದೆ ಕೇಳುವುದು, ತನ್ನ ಶಕ್ತಿಗೆ ಮೀರಿದುದನ್ನು ಬಲ್ಲವರ ಬಳಿಗೆ ಮುಟ್ಟಿಸುವುದು. ಈ ಮೂರನೆಯದಕ್ಕೆ ಈಗ ಮೊದಲಿಗಿಂತ ಹೆಚ್ಚು ದಾರಿಗಳಿವೆ. ಸಂಕಷ್ಟದಲ್ಲಿರುವ ಮಕ್ಕಳಿಗೆ 1098 ಎಂಬ ಸಹಾಯವಾಣಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಎರಡು ಸಂಖ್ಯೆಗಳು ಪ್ರತಿಯೊಂದು ತರಗತಿಯ ಗೋಡೆಯ ಮೇಲೂ ಇರಬೇಕು. ಅದರ ಜೊತೆಗೆ, ಮುದಲಿಯಾರ್ ಆಯೋಗವು ಎಂದೋ ಬಯಸಿದ್ದ ಆಪ್ತಸಮಾಲೋಚಕರು, ಪ್ರತಿ ಶಾಲೆಗೂ ಸಾಧ್ಯವಾಗದಿದ್ದರೆ, ಕೆಲವು ಶಾಲೆಗಳಿಗೊಬ್ಬರಂತೆಯಾದರೂ ನೇಮಕವಾಗಬೇಕು. ಮಕ್ಕಳಿಗೆ ಮಾತ್ರವಲ್ಲ, ಅವರ ದುಃಖವನ್ನು ಕೇಳಿ ಕೇಳಿ ದಣಿಯುವ ಉಪಾಧ್ಯಾಯರಿಗೂ ಅವರ ಅಗತ್ಯವಿದೆ.

ಮಾನಸಿಕ ತೊಂದರೆಗಳಲ್ಲಿ ಮೂರರಲ್ಲೊಂದು ಭಾಗದಷ್ಟು 14ನೆಯ ವಯಸ್ಸಿನೊಳಗಾಗಿಯೇ ಮೊದಲಾಗುವುವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವಯಸ್ಸಿನಲ್ಲಿ ಮಗುವು ದಿನದ ಬಹುಭಾಗವನ್ನು ಕಳೆಯುವುದು ಪ್ರೌಢಶಾಲೆಯಲ್ಲಿ. ಆದುದರಿಂದ ಈಗ ಸೇವೆಯಲ್ಲಿರುವ ನನ್ನ ಕಿರಿಯ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಹುದ್ದೆಗಳು ಮಂಜೂರಾಗಲಿ, ಅನುದಾನ ಬರಲಿ ಎಂದು ಕಾಯಬೇಡಿರಿ. ಬರುವ ತಿಂಗಳಿನ ಒಂದು ಶನಿವಾರ, ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು, ಹಾಜರಿ ಪುಸ್ತಕವನ್ನು ಮಾತ್ರ ಮುಂದಿಟ್ಟುಕೊಂಡು ಒಂದು ಗಂಟೆ ಒಟ್ಟಿಗೆ ಕುಳಿತುಕೊಳ್ಳಿರಿ. ಯಾವ ಹೆಸರನ್ನು ಓದಿದಾಗ ನಿಮ್ಮಲ್ಲಿ ಯಾರಿಗೂ ಹೇಳಲು ಏನೂ ತೋಚದೋ, ಆ ಮಗುವಿನಿಂದ ನಿಮ್ಮ ಕೆಲಸವನ್ನು ಆರಂಭಿಸಿರಿ.